ಸಂರಕ್ಷಣಾ ಆದೇಶದ ಉಲ್ಲಂಘನೆ ಮತ್ತು ಶಿಕ್ಷೆ

ಸಂರಕ್ಷಣಾ ಆದೇಶದ ಉಲ್ಲಂಘನೆ ಎಂದರೆ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005ರ ಅಡಿಯಲ್ಲಿ ಮ್ಯಾಜಿಸ್ಟ್ರೇಟರು ನೀಡಿದ ಸಂರಕ್ಷಣಾ ಆದೇಶವನ್ನಾಗಲಿ, ಮಧ್ಯಂತರ ಸಂರಕ್ಷಣಾ ಆದೇಶವನ್ನಾಗಲಿ ಪ್ರತಿವಾದಿಯು ಮೀರಿ ನಡೆಯುವುದು. ಕಾಯ್ದೆಯ ಕಲಂ 31ರ ಪ್ರಕಾರ ಇದು ಅಪರಾಧ. ಇದಕ್ಕೆ ಒಂದು ವರ್ಷದವರೆಗಿನ ಕಾರಾಗೃಹವಾಸ, ಅಥವಾ 20,000 ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆದರೆ ನ್ಯಾಯಾಲಯದಲ್ಲಿ ದೊರೆಯುವ ಶಿಕ್ಷೆಯ ಪ್ರಮಾಣವು ಈ ಗರಿಷ್ಠ ಮಿತಿಯೊಂದನ್ನೇ ಅವಲಂಬಿಸಿಲ್ಲ. ವಿಚಾರಣೆಗೆ ಆರಿಸಿಕೊಂಡ ವಿಧಾನ, ಮೂಲ ಆದೇಶದ ಶಬ್ದರಚನೆ, ಆದೇಶವು ಪ್ರತಿವಾದಿಯ ಕೈಸೇರಿದುದಕ್ಕೆ ಇರುವ ದಾಖಲೆ, ದೂರು ಸಲ್ಲಿಕೆಯಾದ ದಿನಾಂಕ ಇವೆಲ್ಲ ಅದನ್ನು ನಿರ್ಧರಿಸುತ್ತವೆ. ಕರ್ನಾಟಕದಲ್ಲಿ ಈ ಅಪರಾಧದ ಶಿಕ್ಷೆಯ ಪ್ರವೃತ್ತಿಯನ್ನು, ವಿಶೇಷವಾಗಿ ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಗೋಗಿಯಂತಹ ಊರುಗಳ ದೃಷ್ಟಿಯಿಂದ, ಅರ್ಥಮಾಡಿಕೊಳ್ಳಲು ಈ ಅಂಶಗಳ ಪರಿಚಯ ಅಗತ್ಯ.

ಹಿನ್ನೆಲೆ

1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಕಲಂ 498ಎ ಸೇರ್ಪಡೆಯಾಗಿ, ಗಂಡ ಮತ್ತು ಆತನ ಬಂಧುಗಳು ಎಸಗುವ ಕ್ರೌರ್ಯವು ಶಿಕ್ಷಾರ್ಹ ಅಪರಾಧವಾಯಿತು. ಆ ಕಲಂ ನಡೆದುಹೋದ ಕೃತ್ಯಕ್ಕೆ ಶಿಕ್ಷೆ ವಿಧಿಸುತ್ತಿತ್ತೇ ಹೊರತು, ಅದೇ ಮನೆಯಲ್ಲಿ ಬಾಳಬೇಕಾದ ಮಹಿಳೆಗೆ ಮುಂದಿನ ದಿನಗಳ ರಕ್ಷಣೆಯನ್ನು ಒದಗಿಸುತ್ತಿರಲಿಲ್ಲ. ಸಿವಿಲ್ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯುವ ದಾರಿ ಇತ್ತಾದರೂ, ಅದನ್ನು ಮೀರಿದವರ ಮೇಲೆ ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳುವಂತಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 2ಎ ಅಡಿಯಲ್ಲಿ ಮತ್ತೊಂದು ಅರ್ಜಿ ಸಲ್ಲಿಸಿ, ಆಸ್ತಿ ಜಪ್ತಿಯನ್ನು ಅಥವಾ ಮೂರು ತಿಂಗಳಿಗೆ ಮೀರದ ಸಿವಿಲ್ ಬಂಧನವನ್ನು ಕೋರಬೇಕಾಗಿತ್ತು.

ಈ ಕೊರತೆಯನ್ನು ನೀಗಿಸಲು 2005ರ ಕಾಯ್ದೆ ರಚನೆಯಾಗಿ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದಿತು. ಪರಿಹಾರದ ಸ್ವರೂಪ ಸಿವಿಲ್, ಅದನ್ನು ಕಾಪಾಡುವ ಬಲ ಕ್ರಿಮಿನಲ್ ಎಂಬುದು ಇದರ ರಚನೆಯ ಮೂಲತತ್ತ್ವ. ಕಾಯ್ದೆಯಡಿ ಕೌಟುಂಬಿಕ ಹಿಂಸೆಗೆ ಪ್ರತ್ಯೇಕ ಶಿಕ್ಷೆ ಇಲ್ಲ. ಹಿಂಸೆ ನಿಲ್ಲಬೇಕೆಂದು ನ್ಯಾಯಾಲಯ ಆಜ್ಞಾಪಿಸಿದ ಬಳಿಕವೂ ಅದನ್ನು ಮುಂದುವರಿಸಿದರೆ ಮಾತ್ರ ಶಿಕ್ಷೆ. ಆದ್ದರಿಂದ ಇಡೀ ಕಾಯ್ದೆಯ ಬಲವು ಕಲಂ 31ರ ಮೇಲೆ ನಿಂತಿದೆ.

ಕಾನೂನಿನ ನಿರೂಪಣೆ

ಕಲಂ 12ರಡಿ ಸಲ್ಲಿಸಿದ ಅರ್ಜಿಯ ಮೊದಲ ವಿಚಾರಣೆಯನ್ನು ಸಾಮಾನ್ಯವಾಗಿ ಮೂರು ದಿನಗಳೊಳಗೆ ನಿಗದಿಪಡಿಸಬೇಕು. ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿಯನ್ನು ವಿಲೇವಾರಿ ಮಾಡಲು ಮ್ಯಾಜಿಸ್ಟ್ರೇಟರು ಪ್ರಯತ್ನಿಸಬೇಕು. ತುರ್ತು ಸಂದರ್ಭದಲ್ಲಿ ಕಲಂ 23ರ ಪ್ರಕಾರ ಮಧ್ಯಂತರ ಆದೇಶವನ್ನು ಅಥವಾ ಏಕಪಕ್ಷೀಯ ಆದೇಶವನ್ನು ನೀಡಬಹುದು.

ಸಂರಕ್ಷಣಾ ಆದೇಶದ ವಿಷಯಗಳನ್ನು ಕಲಂ 18 ಹೇಳುತ್ತದೆ. ಹಿಂಸೆ ಎಸಗದಂತೆ, ಅದಕ್ಕೆ ಕುಮ್ಮಕ್ಕು ನೀಡದಂತೆ, ಮಹಿಳೆಯ ಕೆಲಸದ ಸ್ಥಳಕ್ಕೆ ಅಥವಾ ಮಗುವಿನ ಶಾಲೆಗೆ ಪ್ರವೇಶಿಸದಂತೆ, ಆಕೆಯೊಡನೆ ಯಾವುದೇ ರೂಪದಲ್ಲಿ ಸಂಪರ್ಕ ಬೆಳೆಸದಂತೆ, ಸ್ತ್ರೀಧನ ಮತ್ತು ಜಂಟಿ ಆಸ್ತಿಯನ್ನು ಪರಭಾರೆ ಮಾಡದಂತೆ, ಆಕೆಗೆ ನೆರವಾದ ಬಂಧುಗಳನ್ನು ಹಿಂಸಿಸದಂತೆ ಪ್ರತಿವಾದಿಯನ್ನು ನಿರ್ಬಂಧಿಸಬಹುದು. ಇವಲ್ಲದೆ ಆದೇಶದಲ್ಲಿ ನಿರ್ದಿಷ್ಟವಾಗಿ ಹೆಸರಿಸಿದ ಇತರ ಯಾವುದೇ ಕೃತ್ಯವನ್ನೂ ನಿಷೇಧಿಸಬಹುದು. ಕಲಂ 25ರ ಪ್ರಕಾರ, ಆದೇಶದ ರದ್ದತಿಗೆ ಮಹಿಳೆಯೇ ಅರ್ಜಿ ಸಲ್ಲಿಸುವವರೆಗೆ ಅದು ಜಾರಿಯಲ್ಲಿರುತ್ತದೆ. ಪರಿಸ್ಥಿತಿ ಬದಲಾಗಿದೆಯೆಂದು ಮನವರಿಕೆಯಾದರೆ, ಯಾವುದೇ ಪಕ್ಷದ ಅರ್ಜಿಯ ಮೇಲೆ ಮ್ಯಾಜಿಸ್ಟ್ರೇಟರು ಕಾರಣಗಳನ್ನು ದಾಖಲಿಸಿ ಅದನ್ನು ಮಾರ್ಪಡಿಸಬಹುದು ಇಲ್ಲವೇ ಹಿಂಪಡೆಯಬಹುದು. ಕಲಂ 24ರ ಪ್ರಕಾರ ಆದೇಶದ ಪ್ರತಿಯನ್ನು ಪಕ್ಷಗಾರರಿಗೂ ಸಂಬಂಧಪಟ್ಟ ಪೊಲೀಸ್ ಠಾಣೆಗೂ ಉಚಿತವಾಗಿ ಕೊಡಬೇಕು.

ಕಲಂ 32 ಈ ಅಪರಾಧವನ್ನು ಸಂಜ್ಞೇಯ ಮತ್ತು ಜಾಮೀನುರಹಿತ ಎಂದು ವರ್ಗೀಕರಿಸಿದೆ. ನೊಂದ ಮಹಿಳೆಯ ಏಕೈಕ ಸಾಕ್ಷ್ಯದ ಆಧಾರದ ಮೇಲೆಯೇ ಅಪರಾಧ ನಡೆದಿದೆ ಎಂದು ನ್ಯಾಯಾಲಯವು ತೀರ್ಮಾನಿಸಬಹುದು ಎಂದೂ ಅದು ಹೇಳುತ್ತದೆ. ನಾಲ್ಕು ಗೋಡೆಗಳ ನಡುವೆ ನಡೆಯುವ ಕೃತ್ಯಕ್ಕೆ ಹೊರಗಿನ ಸಾಕ್ಷಿ ದೊರೆಯುವುದು ಕಷ್ಟವಾದ್ದರಿಂದ ಈ ಅವಕಾಶಕ್ಕೆ ಹೆಚ್ಚಿನ ಮಹತ್ತ್ವವಿದೆ.

ಶಿಕ್ಷೆಯ ಪ್ರಮಾಣವನ್ನು ನಿರ್ಧರಿಸುವ ಅಂಶಗಳು

ಸಂಕ್ಷಿಪ್ತ ವಿಚಾರಣೆ: ಒಂದು ವರ್ಷದ ಮಿತಿಯು ವ್ಯವಹಾರದಲ್ಲಿ ಮೂರು ತಿಂಗಳಿಗೆ ಇಳಿಯಬಹುದು. 2006ರ ನಿಯಮಗಳ ನಿಯಮ 15, ಕಲಂ 31ರ ಅಪರಾಧವನ್ನು ಇತರ ಗಂಭೀರ ಅಪರಾಧಗಳಿಂದ ಬೇರ್ಪಡಿಸಿ ಸಂಕ್ಷಿಪ್ತವಾಗಿ ವಿಚಾರಣೆ ನಡೆಸಲು ಅವಕಾಶ ನೀಡುತ್ತದೆ. ಸಂಕ್ಷಿಪ್ತ ವಿಚಾರಣೆಯಲ್ಲಿ ಮೂರು ತಿಂಗಳಿಗಿಂತ ಹೆಚ್ಚಿನ ಕಾರಾಗೃಹವಾಸ ವಿಧಿಸುವಂತಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 262ರಲ್ಲಿದ್ದ ಈ ನಿರ್ಬಂಧವು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 285ರಲ್ಲಿ ಮುಂದುವರಿದಿದೆ. ಹೀಗೆ ಶೀಘ್ರ ವಿಚಾರಣೆ ಬೇಕೆಂದರೆ ಕಡಿಮೆ ಶಿಕ್ಷೆಗೆ ಒಪ್ಪಬೇಕು, ಪೂರ್ಣ ಶಿಕ್ಷೆಯ ಸಾಧ್ಯತೆ ಬೇಕೆಂದರೆ ದೀರ್ಘ ವಿಚಾರಣೆಯನ್ನು ಸಹಿಸಬೇಕು. ಪ್ರಕರಣದ ಸ್ವರೂಪವು ಸಂಕ್ಷಿಪ್ತ ವಿಚಾರಣೆಗೆ ತಕ್ಕುದಲ್ಲವೆಂದು ಕಂಡರೆ ಮ್ಯಾಜಿಸ್ಟ್ರೇಟರು ಸಾಮಾನ್ಯ ವಿಚಾರಣೆಗೆ ತಿರುಗಬಹುದು.

ಪರಿವೀಕ್ಷಣೆ: ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ, 1958ರ ಕಲಂ 3, ಎರಡು ವರ್ಷದವರೆಗಿನ ಕಾರಾಗೃಹವಾಸಕ್ಕೆ ಗುರಿಯಾಗಬಹುದಾದ ಅಪರಾಧಗಳಲ್ಲಿ ಹಿಂದೆ ಶಿಕ್ಷೆಗೊಳಗಾಗದ ವ್ಯಕ್ತಿಯನ್ನು ಎಚ್ಚರಿಕೆ ನೀಡಿ ಬಿಡಲು ಅವಕಾಶ ಕಲ್ಪಿಸುತ್ತದೆ. ಕಲಂ 4ರಡಿ ಸನ್ನಡತೆಯ ಮುಚ್ಚಳಿಕೆ ಪಡೆದು ಬಿಡುಗಡೆ ಮಾಡಬಹುದು. ಕಲಂ 31ರ ಮೊದಲ ಅಪರಾಧವು ಈ ವ್ಯಾಪ್ತಿಗೆ ಒಳಪಡುತ್ತದೆ. ಮೊದಲ ಅಪರಾಧಿ ಎಂಬ ಮಾತು ಇಲ್ಲಿ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆ. ಬೇರೆ ಅಪರಾಧಗಳಲ್ಲಿ ಮೊದಲ ತಪ್ಪಿಗೆ ಹಿಂದೆ ಎಚ್ಚರಿಕೆ ಇರುವುದಿಲ್ಲ. ಇಲ್ಲಿಯಾದರೋ ಸಂರಕ್ಷಣಾ ಆದೇಶವೇ ನ್ಯಾಯಾಲಯವು ಲಿಖಿತವಾಗಿ ನೀಡಿದ ಎಚ್ಚರಿಕೆ. ಅದನ್ನು ಮೀರಿದವನಿಗೆ ಮತ್ತೊಮ್ಮೆ ಎಚ್ಚರಿಕೆಯನ್ನೇ ನೀಡಿದರೆ, ಮೊದಲ ಆದೇಶದ ಬೆಲೆ ಏನೆಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಪ್ರತಿಯಾದ ವಾದವೂ ಇದೆ. ಸಂಸಾರದ ಏಕೈಕ ದುಡಿಮೆಗಾರ ಸೆರೆಮನೆ ಸೇರಿದರೆ ಜೀವನಾಂಶ ನಿಂತು, ಅದರ ಹೊರೆ ಮಹಿಳೆ ಮತ್ತು ಮಕ್ಕಳ ಮೇಲೆಯೇ ಬೀಳುತ್ತದೆ. ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ, ದೂರವಿರಬೇಕೆಂಬ ಷರತ್ತಿನೊಂದಿಗೆ ನೀಡುವ ಬಿಡುಗಡೆಯು ಬರಿಯ ಎಚ್ಚರಿಕೆಗಿಂತ ಭಿನ್ನವಾದುದು.

ದಂಡ: 2005ರಲ್ಲಿ ನಿಗದಿಯಾದ 20,000 ರೂಪಾಯಿಯ ಮಿತಿಯು ಇಂದಿಗೂ ಬದಲಾಗಿಲ್ಲ. ದಂಡದ ಹಣ ಸರ್ಕಾರಕ್ಕೆ ಸಂದಾಯವಾಗುತ್ತದೆ. ಅದರಿಂದ ಮಹಿಳೆಗೆ ಪರಿಹಾರ ಕೊಡಬೇಕೆಂದು ನ್ಯಾಯಾಲಯವು ಪ್ರತ್ಯೇಕವಾಗಿ ಆದೇಶಿಸಿದರೆ ಮಾತ್ರ ಆಕೆಗೆ ಏನಾದರೂ ತಲುಪುತ್ತದೆ.

ಪುನರಾವರ್ತನೆ: ಕಲಂ 31 ಮೊದಲ ಉಲ್ಲಂಘನೆಗೂ ಐದನೆಯ ಉಲ್ಲಂಘನೆಗೂ ಒಂದೇ ಮಿತಿಯನ್ನು ಇರಿಸಿದೆ. ಮಹಿಳೆಯ ಬೆನ್ನುಹತ್ತುವ ಅಪರಾಧಕ್ಕೆ ಸಂಬಂಧಿಸಿದ ಭಾರತೀಯ ನ್ಯಾಯ ಸಂಹಿತೆಯ ಕಲಂ 78ರಲ್ಲಿ ಮೊದಲ ಬಾರಿಗೆ ಮೂರು ವರ್ಷದವರೆಗೆ, ಮತ್ತೆ ಎಸಗಿದರೆ ಐದು ವರ್ಷದವರೆಗೆ ಎಂಬ ಶ್ರೇಣೀಕರಣವಿದೆ. ಅಂತಹ ಏಣಿ ಕಲಂ 31ರಲ್ಲಿ ಇಲ್ಲ.

ಬಂಧನ: ಅಪರಾಧವು ಜಾಮೀನುರಹಿತವಾದರೂ ಬಂಧನ ತಾನಾಗಿ ಆಗುವುದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನದ ಅಗತ್ಯವನ್ನು ಪೊಲೀಸರು ಕಾರಣಸಹಿತ ದಾಖಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರ ಜುಲೈ 2ರ ತೀರ್ಪಿನಲ್ಲಿ ವಿಧಿಸಿತು. ಇದರಿಂದ ಜಾಮೀನಿನ ಷರತ್ತುಗಳ ಮಹತ್ತ್ವ ಹೆಚ್ಚಿದೆ. ನಿಯಮ 15ರ ಪ್ರಕಾರ, ಜಾಮೀನು ನೀಡುವಾಗ ಮಹಿಳೆಗೆ ದೂರವಾಣಿ ಕರೆ ಮಾಡಬಾರದು, ಆಕೆಯ ವಾಸಸ್ಥಳದಿಂದ ದೂರವಿರಬೇಕು, ಆಯುಧ ಹೊಂದಿರಬಾರದು, ಮದ್ಯ ಸೇವಿಸಬಾರದು ಎಂಬಂತಹ ಷರತ್ತುಗಳನ್ನು ವಿಧಿಸಬಹುದು. ಅಂತಿಮ ಶಿಕ್ಷೆಗಿಂತ ಈ ಷರತ್ತುಗಳು ಆಕೆಯ ದಿನನಿತ್ಯದ ಸುರಕ್ಷತೆಯನ್ನು ಬೇಗ ಮುಟ್ಟುತ್ತವೆ.

ಕಾಲಮಿತಿ: ಒಂದು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯವು ಪರಿಗಣನೆಗೆ ತೆಗೆದುಕೊಳ್ಳಲು ಒಂದು ವರ್ಷದ ಕಾಲಮಿತಿ ಇದೆ. ಕಲಂ 12ರ ಅರ್ಜಿಗೆ ಈ ಮಿತಿ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಆದೇಶದ ಉಲ್ಲಂಘನೆಯು ಅಪರಾಧವಾದ್ದರಿಂದ ಅದರ ಕಾಲಮಿತಿಯು ಉಲ್ಲಂಘನೆಯಿಂದಲೇ ಆರಂಭವಾಗುತ್ತದೆ. ಹಿರಿಯರ ರಾಜಿ ಮಾತುಕತೆಯಲ್ಲಿ ತಿಂಗಳುಗಳು ಕಳೆದುಹೋಗುವ ಕಡೆಗಳಲ್ಲಿ ಇದು ನೆನಪಿಡಬೇಕಾದ ಅಂಶ.

ಯಾವ ಆದೇಶದ ಉಲ್ಲಂಘನೆಗೆ ಶಿಕ್ಷೆ?

ಕಾಯ್ದೆಯಡಿ ಸಂರಕ್ಷಣಾ ಆದೇಶವಲ್ಲದೆ ವಾಸದ ಆದೇಶ (ಕಲಂ 19), ಹಣಕಾಸಿನ ಪರಿಹಾರ (ಕಲಂ 20), ಮಕ್ಕಳ ಸುಪರ್ದಿನ ಆದೇಶ (ಕಲಂ 21) ಮತ್ತು ನಷ್ಟಪರಿಹಾರದ ಆದೇಶ (ಕಲಂ 22) ದೊರೆಯುತ್ತವೆ. ಕಲಂ 31 ಹೆಸರಿಸುವುದು ಸಂರಕ್ಷಣಾ ಆದೇಶವನ್ನು ಮಾತ್ರ. ಕಲಂ 2ರ ವ್ಯಾಖ್ಯೆಯಂತೆ ಆ ಪದಕ್ಕೆ ಕಲಂ 18ರಡಿ ಮಾಡಿದ ಆದೇಶವೆಂದು ಅರ್ಥ.

ಆದ್ದರಿಂದ ಜೀವನಾಂಶ ಪಾವತಿಸದಿರುವುದು ಕಲಂ 31ರ ಅಪರಾಧವಾಗುತ್ತದೆಯೇ ಎಂಬ ವಿಷಯದಲ್ಲಿ ಉಚ್ಚ ನ್ಯಾಯಾಲಯಗಳ ನಿಲುವು ಒಂದೇ ಆಗಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯವು 2015ರಲ್ಲಿಯೂ ಕೇರಳ ಉಚ್ಚ ನ್ಯಾಯಾಲಯವು 2022ರಲ್ಲಿಯೂ ಸಂಕುಚಿತ ಅರ್ಥವನ್ನು ಎತ್ತಿಹಿಡಿದು, ಜೀವನಾಂಶದ ಬಾಕಿಗೆ ಕಲಂ 31 ಅನ್ವಯಿಸದು ಎಂದವು. ವಿಶಾಲ ಅರ್ಥವನ್ನು ಪ್ರತಿಪಾದಿಸುವವರು ಎರಡು ಆಧಾರಗಳನ್ನು ಮುಂದಿಡುತ್ತಾರೆ. ಮೊದಲನೆಯದು, ಕಲಂ 3ರ ಪ್ರಕಾರ ಆರ್ಥಿಕ ದೌರ್ಜನ್ಯವೂ ಕೌಟುಂಬಿಕ ಹಿಂಸೆಯೇ ಆಗಿರುವುದರಿಂದ, ಹಿಂಸೆ ಎಸಗಬಾರದೆಂಬ ಆದೇಶದಲ್ಲಿ ಅದೂ ಅಡಕವಾಗಿದೆ ಎಂಬುದು. ಎರಡನೆಯದು, ಕಾಯ್ದೆಯಡಿಯ ಆದೇಶಗಳ ಜಾರಿಗೆ ಒಡ್ಡುವ ಯಾವುದೇ ಪ್ರತಿರೋಧವನ್ನು ಸಂರಕ್ಷಣಾ ಆದೇಶದ ಉಲ್ಲಂಘನೆಯೆಂದು ಭಾವಿಸಬೇಕೆನ್ನುವ ನಿಯಮ 15ರ ಮಾತು. ನಿಯಮವು ಮೂಲ ಕಾಯ್ದೆಯ ಗಡಿಯನ್ನು ದಾಟಲಾರದು ಎಂಬುದು ಇದಕ್ಕೆ ಬರುವ ಉತ್ತರ.

ಸಂಕುಚಿತ ಅರ್ಥವನ್ನು ಒಪ್ಪಿದರೆ ಜೀವನಾಂಶದ ಬಾಕಿಗೆ ವಸೂಲಿಯ ದಾರಿಯೇ ಉಳಿಯುತ್ತದೆ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125ರ, ಅಂದರೆ ಹೊಸ ಸಂಹಿತೆಯ ಕಲಂ 144ರ ರೀತಿಯಲ್ಲಿ ವಾರಂಟ್ ಹೊರಡಿಸಿ, ಬಾಕಿ ಉಳಿದರೆ ಒಂದು ತಿಂಗಳವರೆಗಿನ ಸೆರೆ ವಿಧಿಸಬಹುದು. ಆದರೆ ಮನೆಯಿಂದ ಹೊರಹಾಕದಂತೆ ನೀಡಿದ ಆದೇಶವು ಬರಿಯ ವಾಸದ ಆದೇಶವಾಗಿದ್ದರೆ, ಅದನ್ನು ಮೀರಿದಾಗ ಕಲಂ 31 ಅನ್ವಯಿಸುತ್ತದೆಯೇ ಎಂಬ ತಕರಾರು ಏಳುತ್ತದೆ. ಅದೇ ನಿರ್ಬಂಧವನ್ನು ಕಲಂ 18ರಡಿ ನಿರ್ದಿಷ್ಟ ಕೃತ್ಯವೆಂದು ಆದೇಶದಲ್ಲಿ ಬರೆಸಿಕೊಂಡಿದ್ದರೆ ಈ ತಕರಾರಿಗೆ ಎಡೆಯಿರುವುದಿಲ್ಲ. ಅರ್ಜಿ ಬರೆಯುವ ಮೊದಲ ದಿನವೇ ಮುಂದಿನ ಶಿಕ್ಷೆಯ ಸಾಧ್ಯತೆ ನಿರ್ಧಾರವಾಗತೊಡಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅಂಕಿ-ಅಂಶಗಳು

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾರ್ಷಿಕ ವರದಿಗಳ ಪ್ರಕಾರ, ಈ ಕಾಯ್ದೆಯ ಶೀರ್ಷಿಕೆಯಡಿ ದೇಶಾದ್ಯಂತ 2021ರಲ್ಲಿ 507 ಮತ್ತು 2022ರಲ್ಲಿ 468 ಪ್ರಕರಣಗಳು ದಾಖಲಾದವು. 2022ರಲ್ಲಿ ಗಂಡ ಮತ್ತು ಆತನ ಬಂಧುಗಳ ಕ್ರೌರ್ಯದ ಶೀರ್ಷಿಕೆಯಡಿ ದಾಖಲಾದ ಪ್ರಕರಣಗಳ ಸಂಖ್ಯೆ 1,40,019. ಅಂದರೆ ಸುಮಾರು 300ಕ್ಕೆ ಒಂದು.

ಈ ಅಂತರವನ್ನು ಆದೇಶಗಳ ಪಾಲನೆಯ ಸೂಚಕವೆಂದು ಓದುವುದು ಸರಿಯಲ್ಲ. ಒಂದೇ ಪ್ರಥಮ ವರ್ತಮಾನ ವರದಿಯಲ್ಲಿ ಹಲವು ಅಪರಾಧಗಳಿದ್ದರೆ, ಹೆಚ್ಚು ಗಂಭೀರವಾದುದನ್ನು ಮಾತ್ರ ಬ್ಯೂರೋ ಎಣಿಸುತ್ತದೆ. ಆದೇಶ ಮೀರಿ ಹಲ್ಲೆ ನಡೆಸಿದ ಪ್ರಕರಣವು ಹೀಗೆ ಬೇರೆ ಶೀರ್ಷಿಕೆಯಡಿ ಸೇರಿಹೋಗುತ್ತದೆ. ಮ್ಯಾಜಿಸ್ಟ್ರೇಟರಿಗೆ ನೇರವಾಗಿ ಸಲ್ಲಿಸಿದ ದೂರುಗಳು ಪೊಲೀಸ್ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟು ಮಂದಿಗೆ ಶಿಕ್ಷೆಯಾಯಿತು ಎಂಬ ಎಣಿಕೆ ವರದಿಯಲ್ಲಿರುತ್ತದೆಯೇ ಹೊರತು, ಶಿಕ್ಷೆಯ ಅವಧಿಯ ವಿವರ ಇರುವುದಿಲ್ಲ.

ಹಿಂಸೆಯ ವ್ಯಾಪ್ತಿಯನ್ನು ತಿಳಿಯಲು ಮನೆಮನೆ ಸಮೀಕ್ಷೆ ಹೆಚ್ಚು ನೆರವಾಗುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆಯನ್ನು ಅನುಭವಿಸಿದ್ದರು. ನಾಲ್ಕನೆಯ ಸಮೀಕ್ಷೆಯಲ್ಲಿ (2015-16) ಈ ಪ್ರಮಾಣ ಶೇ 20.6 ಆಗಿತ್ತು.

ಯಾದಗಿರಿ ಜಿಲ್ಲೆಯ ಸಂದರ್ಭ

ಕಲಬುರಗಿಯಿಂದ ಬೇರ್ಪಟ್ಟು ರಾಜ್ಯದ 30ನೆಯ ಜಿಲ್ಲೆಯಾದ ಯಾದಗಿರಿಯು 2011ರ ಜನಗಣತಿಯಲ್ಲಿ ರಾಜ್ಯದ ಅತಿ ಕಡಿಮೆ ಸಾಕ್ಷರತೆಯ ಜಿಲ್ಲೆಯಾಗಿತ್ತು. ಒಟ್ಟು ಸಾಕ್ಷರತೆ ಶೇ 52ರಷ್ಟಿದ್ದರೆ, ಮಹಿಳೆಯರ ಸಾಕ್ಷರತೆ ಶೇ 41ರ ಆಸುಪಾಸಿನಲ್ಲಿತ್ತು. ಆದಿಲ್‌ಶಾಹಿ ಕಾಲದ ಸಮಾಧಿಗಳಿಗೆ ಹೆಸರಾದ ಗೋಗಿಯಲ್ಲಿ ಪೊಲೀಸ್ ಠಾಣೆ ಇದೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯ ತಾಲ್ಲೂಕು ಕೇಂದ್ರವಾದ ಶಹಾಪುರದಲ್ಲಿದೆ. ನೆರೆಯ ಸುರಪುರದಲ್ಲಿಯೂ ಇಂತಹ ನ್ಯಾಯಾಲಯವಿದೆ. ಕಲಂ 29ರಡಿ 30 ದಿನಗಳೊಳಗೆ ಸಲ್ಲಿಸಬೇಕಾದ ಮೇಲ್ಮನವಿಗೆ ಯಾದಗಿರಿಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬೇಕು. ಅದಕ್ಕೂ ಮೇಲಿನದು ಉಚ್ಚ ನ್ಯಾಯಾಲಯದ ಕಲಬುರಗಿ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರಲ್ಲಿ ಕಾಯಂ ಪೀಠವಾಯಿತು.

ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಸಂರಕ್ಷಣಾಧಿಕಾರಿಗಳ ಹೊಣೆಯನ್ನು ಹೊತ್ತಿದ್ದಾರೆ. ಅಂಗನವಾಡಿಗಳ ಮೇಲ್ವಿಚಾರಣೆಯ ಜೊತೆಗೆ ಕೌಟುಂಬಿಕ ಘಟನಾ ವರದಿಯ ತಯಾರಿಕೆ, ನೋಟಿಸ್ ಜಾರಿ, ಉಲ್ಲಂಘನೆಯ ವರದಿ ಇವೆಲ್ಲವೂ ಅವರ ಕೆಲಸ. ಉಲ್ಲಂಘನೆಯ ಬಳಿಕ ಮಹಿಳೆ ನೆರವು ಕೋರಿದರೆ, ಪೊಲೀಸರ ಸಹಾಯದಿಂದ ಆಕೆಯನ್ನು ತಕ್ಷಣ ರಕ್ಷಿಸುವುದೂ ನಿಯಮ 15ರಂತೆ ಅವರ ಕರ್ತವ್ಯ. ಆದೇಶದಂತೆ ಕರ್ತವ್ಯ ನಿರ್ವಹಿಸಲು ಸಕಾರಣವಿಲ್ಲದೆ ತಪ್ಪಿದ ಸಂರಕ್ಷಣಾಧಿಕಾರಿಗೂ ಕಲಂ 33 ಅಷ್ಟೇ ಶಿಕ್ಷೆಯನ್ನು ನಿಗದಿಪಡಿಸಿದೆ. ಆದರೆ ಕಲಂ 34ರ ಪ್ರಕಾರ ಅದಕ್ಕೆ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಸಂರಕ್ಷಣಾಧಿಕಾರಿಗಳನ್ನು ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ ನಿಯೋಜಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ 20ರಂದು ಎಲ್ಲ ರಾಜ್ಯಗಳಿಗೆ ನಿರ್ದೇಶಿಸಿತು.

ಜಿಲ್ಲೆಯ ಅನೇಕ ಕುಟುಂಬಗಳು ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋಗುವುದರಿಂದ ಆದೇಶದ ಜಾರಿಗೆ ವಿಶಿಷ್ಟ ತೊಡಕುಗಳಿವೆ. ಊರಿನ ವಿಳಾಸಕ್ಕೆ ಕಳುಹಿಸಿದ ನೋಟಿಸು ಮುಚ್ಚಿದ ಬಾಗಿಲಿನಿಂದ ಹಿಂದಿರುಗಿದರೆ ಏಕಪಕ್ಷೀಯ ಆದೇಶ ದೊರೆತೀತು. ಆದರೆ ಆದೇಶದ ಅರಿವು ಪ್ರತಿವಾದಿಗೆ ಇತ್ತೆಂಬುದು ಸಾಬೀತಾಗದಿದ್ದರೆ ಕಲಂ 31ರ ಆರೋಪ ದುರ್ಬಲವಾಗುತ್ತದೆ. ಕಾಯ್ದೆಯಲ್ಲಿ ಇದಕ್ಕೆ ಭಾಗಶಃ ಪರಿಹಾರವಿದೆ. ಕಲಂ 27ರ ಪ್ರಕಾರ ಮಹಿಳೆ ತಾತ್ಕಾಲಿಕವಾಗಿ ವಾಸಿಸುವ ಅಥವಾ ದುಡಿಯುವ ಸ್ಥಳದಲ್ಲಿಯೂ ಅರ್ಜಿ ಸಲ್ಲಿಸಬಹುದು. ಅಲ್ಲಿ ದೊರೆತ ಆದೇಶವು ದೇಶಾದ್ಯಂತ ಜಾರಿಯಾಗಬಲ್ಲದು. ಶಹಾಪುರದಲ್ಲಿ ಪಡೆದ ಆದೇಶವನ್ನು ಬೆಂಗಳೂರಿನ ಠಾಣೆಯೂ ಮನ್ನಿಸಬೇಕು.

ಆದೇಶದ ಭಾಷೆಯೂ ಇಲ್ಲಿ ನಿರ್ಣಾಯಕ. ‘ಕೌಟುಂಬಿಕ ಹಿಂಸೆ ಎಸಗಬಾರದು’ ಎಂಬ ಒಂದೇ ವಾಕ್ಯದ ಆದೇಶವಿದ್ದರೆ, ತವರುಮನೆಯ ಮುಂದೆ ಬಂದು ನಿಂತು ಕೂಗಾಡಿದ್ದು ಉಲ್ಲಂಘನೆಯೇ ಎಂಬುದನ್ನು ಠಾಣೆಯಲ್ಲಿ ವಾದಿಸಬೇಕಾಗುತ್ತದೆ. ಇಂತಹ ಓಣಿಯ ಇಂತಹ ಮನೆಗೆ ಬರಬಾರದು, ಫೋನ್ ಮಾಡಬಾರದು, ವಾಟ್ಸ್ಆ್ಯಪ್ ಸಂದೇಶ ಕಳುಹಿಸಬಾರದು, ಬೇರೆಯವರ ಮೂಲಕ ಹೇಳಿಕಳುಹಿಸಬಾರದು ಎಂದು ಬರೆದಿದ್ದರೆ, ನಡೆದ ಸಂಗತಿಯನ್ನು ಹೇಳಿದರೆ ಸಾಕು. ಸಂದೇಶಗಳನ್ನು ಸಾಕ್ಷ್ಯವಾಗಿ ಮಂಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಡಿ ಪ್ರಮಾಣಪತ್ರ ಬೇಕಾಗುತ್ತದೆ. ಅಕ್ಷರ ಬಾರದ ಪಕ್ಷಗಾರರಿಗೆ ಆದೇಶವನ್ನು ಓದಿ ಹೇಳಿ, ಹಾಗೆ ಓದಿ ಹೇಳಿದುದನ್ನು ದಾಖಲಿಸಿದರೆ ಮುಂದೆ ತಿಳಿದಿರಲಿಲ್ಲವೆಂಬ ಸಬೂಬಿಗೆ ಎಡೆಯಿರದು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಕಲಂ 12ರ ಪ್ರಕಾರ ಮಹಿಳೆಯರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಇದಕ್ಕಾಗಿ ಅರ್ಜಿ ಸಲ್ಲಿಸಬಹುದು. ತುರ್ತು ಸಂದರ್ಭಕ್ಕೆ 112 ಮತ್ತು ಮಹಿಳಾ ಸಹಾಯವಾಣಿ 181 ಇವೆ.

ಇತರ ದೇಶಗಳೊಂದಿಗೆ ಹೋಲಿಕೆ

ಬಾಂಗ್ಲಾದೇಶದ 2010ರ ಕಾಯ್ದೆಯು ಮೊದಲ ಉಲ್ಲಂಘನೆಗೆ ಆರು ತಿಂಗಳವರೆಗಿನ ಸೆರೆ ಅಥವಾ 10,000 ಟಾಕಾವರೆಗಿನ ದಂಡವನ್ನು, ಪುನರಾವರ್ತನೆಗೆ ಎರಡು ವರ್ಷದವರೆಗಿನ ಸೆರೆ ಅಥವಾ ಒಂದು ಲಕ್ಷ ಟಾಕಾವರೆಗಿನ ದಂಡವನ್ನು ನಿಗದಿಪಡಿಸುತ್ತದೆ. ಎರಡೂ ಸಂದರ್ಭಗಳಲ್ಲಿ ಸೆರೆ ಮತ್ತು ದಂಡವನ್ನು ಒಟ್ಟಿಗೇ ವಿಧಿಸಬಹುದು. ಮೊದಲ ಶಿಕ್ಷೆ ಭಾರತದ್ದಕ್ಕಿಂತ ಹಗುರ, ಎರಡನೆಯದು ಭಾರ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಿರುಕುಳ ತಡೆ ಆದೇಶದ ಉಲ್ಲಂಘನೆಯು 2007ರ ಜುಲೈ 1ರಿಂದ ಅಪರಾಧವಾಗಿದ್ದು, ಗರಿಷ್ಠ ಶಿಕ್ಷೆ ಐದು ವರ್ಷ. ಅಲ್ಲಿನ ಶಿಕ್ಷಾ ಮಂಡಳಿಯ ಮಾರ್ಗಸೂಚಿಯು 2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಉಲ್ಲಂಘನೆ ಉದ್ದೇಶಪೂರ್ವಕವೇ, ಪದೇ ಪದೇ ನಡೆದುದೇ, ಅದರಿಂದಾದ ಹಾನಿ ಎಷ್ಟು ಎಂಬುದನ್ನು ಅಳೆದು ನ್ಯಾಯಾಧೀಶರು ಶಿಕ್ಷೆಯ ಆರಂಭ ಬಿಂದುವನ್ನು ಗುರುತಿಸಬೇಕು. ಅತ್ಯಂತ ಗಂಭೀರ ವರ್ಗದಲ್ಲಿ ಅದು ಎರಡು ವರ್ಷದ ಸೆರೆವಾಸ.

ಶಿಕ್ಷಾ ನೀತಿಯ ಚರ್ಚೆ

ಭಾರತದಲ್ಲಿ ಇಂತಹ ಮಾರ್ಗಸೂಚಿ ಇಲ್ಲ. ಕರ್ನಾಟಕ ಮತ್ತು ಕೇರಳ ಉಚ್ಚ ನ್ಯಾಯಾಲಯಗಳ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ. ಎಸ್. ಮಳಿಮಠ ಅವರ ಅಧ್ಯಕ್ಷತೆಯ ಸಮಿತಿಯು 2003ರಲ್ಲಿಯೇ ಶಾಸನಬದ್ಧ ಶಿಕ್ಷಾ ಮಾರ್ಗಸೂಚಿಗಳನ್ನು ಶಿಫಾರಸು ಮಾಡಿತ್ತು. ಸಮಗ್ರ ಶಿಕ್ಷಾ ನೀತಿಯನ್ನು ಪರಿಶೀಲಿಸುವಂತೆ ಸರ್ವೋಚ್ಚ ನ್ಯಾಯಾಲಯವು 2024ರ ಮೇ ತಿಂಗಳಲ್ಲಿ ಕೇಂದ್ರ ಕಾನೂನು ಸಚಿವಾಲಯಕ್ಕೆ ಸೂಚಿಸಿತು.

ಕಲಂ 31ರ ಸಂದರ್ಭದಲ್ಲಿ ಬರಿಯ ಗರಿಷ್ಠ ಶಿಕ್ಷೆಯ ಏರಿಕೆಯು ಪರಿಹಾರವಾಗದು. ಸಂಕ್ಷಿಪ್ತ ವಿಚಾರಣೆಯ ಮಿತಿ ಉಳಿದಿರುವವರೆಗೆ, ಒಂದು ವರ್ಷವನ್ನು ಮೂರು ವರ್ಷಕ್ಕೆ ಏರಿಸಿದರೂ ಆ ವಿಧಾನದಲ್ಲಿ ದೊರೆಯುವ ಶಿಕ್ಷೆ ಮೂರು ತಿಂಗಳನ್ನು ಮೀರದು. ಪುನರಾವರ್ತನೆಗೆ ಪ್ರತ್ಯೇಕ ಶ್ರೇಣಿ, ವಾಸದ ಆದೇಶವನ್ನೂ ಕಲಂ 31ರ ವ್ಯಾಪ್ತಿಗೆ ಸ್ಪಷ್ಟವಾಗಿ ಸೇರಿಸುವ ತಿದ್ದುಪಡಿ, ಶಿಕ್ಷೆಯ ಅವಧಿಯ ವಾರ್ಷಿಕ ಪ್ರಕಟಣೆ ಇವು ಶಾಸಕಾಂಗ ಮತ್ತು ಆಡಳಿತಗಳ ಮಟ್ಟದಲ್ಲಿ ಆಗಬೇಕಾದವು. ಕೃತ್ಯಗಳನ್ನು ಹೆಸರಿಸುವ ಆದೇಶ, ಆದೇಶ ತಲುಪಿದುದಕ್ಕೆ ಸಹಿ ಅಥವಾ ಹೆಬ್ಬೆಟ್ಟಿನ ದಾಖಲೆ, ಠಾಣೆಯಲ್ಲಿ ಅದರ ಪ್ರತಿ, ಉಲ್ಲಂಘನೆಯಾದ ದಿನವೇ ಲಿಖಿತ ದೂರು ಇವಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ಇವು ಈಗಿರುವ ಕಾಯ್ದೆ ಮತ್ತು ನಿಯಮಗಳ ಚೌಕಟ್ಟಿನಲ್ಲಿಯೇ ಸಾಧ್ಯವಿವೆ.